ಎತ್ತಿಡು ಕಂದಾ, ಮೂದೇವಿ ಬಂದಾಳು



ಅರಸರ ಕಥೆ, ಯುದ್ಧದ ಕಥೆ, ಗುಡಿಗೋಪುರಗಳ ಕಥೆ, ಇವನ್ನು ಚರಿತ್ರೆ ಎಂದು ಕರೆಯುವುದು ವಾಡಿಕೆ. ಈ ಹೊತ್ತು ನಾವು ಮಾತಾಡಿಕೊಳ್ಳುವುದು ಅಷ್ಟು ದೊಡ್ಡ ಚರಿತ್ರೆಯನ್ನಲ್ಲ. ಮನೆಯ ಪಡಸಾಲೆಯಲ್ಲಿ, ಚೆಲ್ಲಾಡಿದ ಆಟದ ಸಾಮಾನಿನ ನಡುವೆ, ಹೊತ್ತು ಮುಳುಗುವ ಸಮಯಕ್ಕೆ ದಿನವೂ ಕೇಳಿಬರುವ ಒಂದು ಸಣ್ಣ ಸುಳ್ಳಿನ ಚರಿತ್ರೆ ಇದು. "ಬೇಗ ಎತ್ತಿಡು ಕಂದಾ, ದೀಪ ಹಚ್ಚೋ ಹೊತ್ತಾಯ್ತು, ಲಕ್ಷ್ಮಿ ಬಾಗಿಲ ತನಕ ಬಂದು ಹಿಂದಕ್ಕೆ ಹೋಗ್ತಾಳೆ." ಈ ಮಾತು ನಿಮ್ಮ ಮನೆಯಲ್ಲೂ ಉಂಟಲ್ಲವೆ?

ಇನ್ನೂ ಎಷ್ಟೋ ಇವೆ. ಚಪ್ಪಲಿ ಮಗುಚಿ ಬಿದ್ದಿದ್ದರೆ ಮನೆಯಲ್ಲಿ ಜಗಳವಾಗುತ್ತದೆ, ಆದ್ದರಿಂದ ನೆಟ್ಟಗೆ ಜೋಡಿಸಿಡು. ಉಪ್ಪು ಚೆಲ್ಲಿದರೆ ಸತ್ತ ಮೇಲೆ ಅದನ್ನು ಕಣ್ಣಿನ ರೆಪ್ಪೆಯಿಂದ ಆರಿಸಬೇಕಾಗುತ್ತದೆ. ಎದ್ದ ಮೇಲೆ ಚಾಪೆ ಸುತ್ತದೆ ಬಿಟ್ಟರೆ ಮೂದೇವಿ ಬಂದು ಅದರ ಮೇಲೆ ಮಲಗುತ್ತಾಳೆ. ಪೊರಕೆಯನ್ನು ತುಳಿಯಬೇಡ, ನಿಲ್ಲಿಸಬೇಡ, ಮೂಲೆಯಲ್ಲಿ ಮಲಗಿಸು. ಪುಸ್ತಕಕ್ಕೆ ಕಾಲು ತಾಗಿತೆ? ಮುಟ್ಟಿ ಕಣ್ಣಿಗೆ ಒತ್ತಿಕೋ, ಸರಸ್ವತಿ ಮುನಿಸಿಕೊಳ್ಳುತ್ತಾಳೆ.

ಇವನ್ನು ಮೂಢನಂಬಿಕೆ ಎಂದು ತಳ್ಳಿಬಿಡುವುದು ಸುಲಭ. ಇವೆಲ್ಲ ಶಾಸ್ತ್ರ ಎಂದು ತಲೆಯ ಮೇಲೆ ಹೊರುವುದೂ ಸುಲಭ. ಇವೆರಡರ ನಡುವೆ ನಿಂತು, ಈ ಮಾತುಗಳು ಎಲ್ಲಿಂದ ಬಂದವು, ಏನು ಕೆಲಸ ಮಾಡುತ್ತವೆ, ಇವುಗಳಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ವಿಚಾರ ಮಾಡುವುದು ಮೇಲು. ನಮ್ಮಂಥ ಎರಡು ನುಡಿಯ ಮನೆಗಳಿಗೆ ಈ ವಿಚಾರ ಬೇರೆಯವರಿಗಿಂತ ಹೆಚ್ಚು ಮುಖ್ಯ. ಏಕೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಮೊದಲು ನಮ್ಮ ಊರಿನ ಮಾತು. ಧಾರಾಪುರಂ ಅಮರಾವತಿಯ ದಂಡೆಯ ಮೇಲಿನ ಹಳೆಯ ಪಟ್ಟಣ. 18ನೆಯ ಶತಮಾನದ ಮೈಸೂರು ಯುದ್ಧಗಳಲ್ಲಿ ಇದು ಹಲವು ಬಾರಿ ಕೈ ಬದಲಾಯಿಸಿತು. 1799ರಲ್ಲಿ ಟಿಪ್ಪು ಸುಲ್ತಾನ ಮಡಿದ ಮೇಲೆ ಈ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಆಗ ಕೊಯಮತ್ತೂರು ಸೀಮೆಯನ್ನು ಎರಡು ಪಾಲು ಮಾಡಿ, ಉತ್ತರದ ಪಾಲಿಗೆ ಭವಾನಿಯನ್ನೂ ದಕ್ಷಿಣದ ಪಾಲಿಗೆ ಧಾರಾಪುರವನ್ನೂ ಮುಖ್ಯ ಸ್ಥಳ ಮಾಡಿದ್ದರು. 1804ರಲ್ಲಿ ಎರಡೂ ಒಂದಾಗಿ ಕೊಯಮತ್ತೂರು ಜಿಲ್ಲಾ ಪಟ್ಟಣವಾಯಿತು. 1956ರಲ್ಲಿ ಭಾಷಾವಾರು ಪ್ರಾಂತ್ಯಗಳಾದಾಗ ಅದೇ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲೂಕು ಮೈಸೂರು ರಾಜ್ಯಕ್ಕೆ ಹೋಯಿತು. ಧಾರಾಪುರಂ ಇಲ್ಲೇ ಉಳಿಯಿತು. 1979ರಲ್ಲಿ ನಾವು ಪೆರಿಯಾರ್ ಜಿಲ್ಲೆಯವರಾದೆವು, ಅದೇ ಮುಂದೆ ಈರೋಡು ಜಿಲ್ಲೆಯಾಯಿತು. 2009ರಲ್ಲಿ ತಿರುಪ್ಪೂರು ಜಿಲ್ಲೆಯವರಾದೆವು. ಮನೆ ಇದ್ದಲ್ಲೇ ಇತ್ತು, ವಿಳಾಸ ಮಾತ್ರ ಬದಲಾಗುತ್ತ ಬಂತು.

ಈ ಸೀಮೆಯಲ್ಲಿ ದೇವಾಂಗರು, ಒಕ್ಕಲಿಗರು, ಅನುಪ್ಪರು, ಕುರುಬರು ಮುಂತಾದ ಕನ್ನಡ ಮನೆಮಾತಿನವರು ತಲೆತಲಾಂತರದಿಂದ ಬಾಳಿ ಬಂದಿದ್ದಾರೆ. ಬೀದಿಯ ಮಾತು ತಮಿಳು, ಸಂತೆಯ ಮಾತು ತಮಿಳು, ಮಕ್ಕಳ ಓದು ತಮಿಳು. ಕನ್ನಡ ಎಲ್ಲಿ ಉಳಿಯಿತು? ಒಲೆಯ ಮುಂದೆ, ತೊಟ್ಟಿಲ ಬಳಿ, ಕುಲದೇವರ ಮುಂದೆ, ಮತ್ತೆ ಮಕ್ಕಳನ್ನು ಗದರುವ ಮಾತಿನಲ್ಲಿ. "ಎತ್ತಿಡು" ಎಂಬುದು ಅಂಥ ಒಂದು ಮಾತು. ಪಕ್ಕದ ಮನೆಯ ತಾಯಿ "ಎಡುತ್ತು ವೈ" ಅನ್ನುತ್ತಾಳೆ. ಎರಡು ಮಾತೂ ಅಕ್ಕತಂಗಿಯರಂತೆ ಕೇಳಿಸುತ್ತವೆ. ಅವರು ಕಸ "ಕೂಟ್ಟು" ಎಂದರೆ ನಾವು "ಗುಡಿಸು" ಅನ್ನುತ್ತೇವೆ. ತಮಿಳಿನ "ಕೂಟ್ಟು" ಎಂಬುದಕ್ಕೆ ಒಟ್ಟುಗೂಡಿಸು ಎಂಬ ಅರ್ಥವೂ ಉಂಟು. ನಮ್ಮ ಶರಣರ ಕಾಲದ ಕನ್ನಡದಲ್ಲಿ "ಗೂಡಿಸು" ಎಂಬ ರೂಪವೇ ಕಾಣುತ್ತದೆ. ಚೆದುರಿದ್ದನ್ನು ಕೂಡಿಸುವುದೇ ಗುಡಿಸುವುದು ಎಂದು ನಮ್ಮ ಎರಡು ನುಡಿಗಳೂ ಒಟ್ಟಾಗಿ ಹೇಳುತ್ತಿವೆ.

ಈಗ ಮೂದೇವಿಯ ಕಡೆಗೆ ಬರೋಣ. ಎರಡು ನುಡಿಯ ಮನೆಗಳಲ್ಲೂ ಬೈಗುಳವಾಗಿ ಬಳಕೆಯಾಗುವ ಈ ಹೆಸರಿನ ಅರ್ಥ ಕೆಟ್ಟದ್ದೇನೂ ಅಲ್ಲ. ತಮಿಳಿನಲ್ಲಿ "ಮೂ" ಎಂದರೆ ಹಿರಿಯ. ಮೂದೇವಿ ಎಂದರೆ ಹಿರಿಯ ದೇವಿ. ಈಕೆ ಲಕ್ಷ್ಮಿಯ ಅಕ್ಕ. ಸಂಸ್ಕೃತದಲ್ಲಿ ಜ್ಯೇಷ್ಠೆ ಎಂದರೂ ಅದೇ ಅರ್ಥ. ಕ್ಷೀರಸಾಗರವನ್ನು ಕಡೆದಾಗ ಲಕ್ಷ್ಮಿಗಿಂತ ಮೊದಲು ಹುಟ್ಟಿದವಳು ಈಕೆ ಎಂದು ಪುರಾಣ. ತಿರುಕ್ಕುರಳಿನಲ್ಲಿಯೂ ಲಕ್ಷ್ಮಿಯ ಅಕ್ಕನ ಮಾತು ಬರುತ್ತದೆ.

ಆಶ್ಚರ್ಯವೆಂದರೆ, ಇಂದು ನಾವು ಮನೆಯೊಳಗೆ ಬರಬೇಡ ಎನ್ನುವ ಈ ದೇವಿಗೆ ಒಂದು ಕಾಲದಲ್ಲಿ ಗುಡಿಗಳಿದ್ದವು. ಕ್ರಿ.ಶ. 700ರ ಆಸುಪಾಸಿನಲ್ಲಿ ಪಲ್ಲವರು ಕಟ್ಟಿಸಿದ ಕಂಚಿಯ ಕೈಲಾಸನಾಥ ದೇವಾಲಯದಲ್ಲಿ ಜ್ಯೇಷ್ಠೆಯ ವಿಗ್ರಹವಿದೆ. ಮದುರೆಯ ಬಳಿಯ ತಿರುಪ್ಪರಂಕುನ್ರದಲ್ಲಿ ಕ್ರಿ.ಶ. 773ರ ಶಾಸನವೊಂದಿದೆ. ಪಾಂಡ್ಯ ಅರಸನ ಮಹಾಸಾಮಂತ ಸಾತ್ತನ್ ಗಣಪತಿ ಎಂಬಾತನ ಪತ್ನಿ ನಕ್ಕನ್ ಕೊಱ್ಱಿ ಎಂಬಾಕೆ ದುರ್ಗೆಗೂ ಜ್ಯೇಷ್ಠೆಗೂ ಗುಡಿ ಮಾಡಿಸಿದಳೆಂದು ಅದು ಹೇಳುತ್ತದೆ. ಮೂದೇವಿಗೆ ಒಬ್ಬ ಗೃಹಿಣಿಯೇ ಗುಡಿ ಕಟ್ಟಿಸಿದ್ದಳು! ಶಿಲ್ಪಗಳಲ್ಲಿ ಈಕೆ ದಪ್ಪ ಹೊಟ್ಟೆಯ, ಕುಳಿತ ಭಂಗಿಯ ಹೆಂಗಸು. ಒಂದು ಪಕ್ಕದಲ್ಲಿ ಎತ್ತಿನ ಮೋರೆಯ ಮಗ, ಇನ್ನೊಂದು ಪಕ್ಕದಲ್ಲಿ ಮಗಳು. ಕಾಗೆ ಇವಳ ಬಾವುಟ, ಕತ್ತೆ ಇವಳ ವಾಹನ, ಪೊರಕೆ ಇವಳ ಗುರುತು. 1914ರಿಂದ 1916ರ ನಡುವೆ ಪ್ರಕಟವಾದ ಟಿ. ಎ. ಗೋಪಿನಾಥ ರಾಯರ ಮೂರ್ತಿಶಿಲ್ಪ ಗ್ರಂಥದಲ್ಲಿ ಈ ವಿವರಗಳನ್ನೆಲ್ಲ ನೋಡಬಹುದು.

ಆಳ್ವಾರರ ಕಾಲಕ್ಕಾಗಲೇ ಗಾಳಿ ತಿರುಗುತ್ತಿತ್ತು. ತೊಂಡರಡಿಪ್ಪೊಡಿ ಆಳ್ವಾರರು, ಜ್ಯೇಷ್ಠೆಯ ಬಳಿ ಸಂಪತ್ತು ಬೇಡುವವರನ್ನು ಹಾಸ್ಯ ಮಾಡಿದ್ದಾರೆ. ಅವರು ಬಳಸುವ ಹೆಸರು "ಸೇಟ್ಟೈ", ಅಂದರೆ ಜ್ಯೇಷ್ಠೆಯ ತಮಿಳು ರೂಪ. ಇಲ್ಲಿ ಎರಡು ನುಡಿ ಬಲ್ಲ ನಿಮಗೆ ಒಂದು ತಮಾಷೆ ಹೊಳೆಯಬೇಕು. ಇಂದಿನ ತಮಿಳಿನಲ್ಲಿ ಮಕ್ಕಳು ಮಾಡುವ ತುಂಟಾಟಕ್ಕೂ "ಸೇಟ್ಟೈ" ಎಂದೇ ಹೆಸರು. ಅದು ನಮ್ಮ "ಚೇಷ್ಟೆ" ಎಂಬ ಮಾತಿನಂತೆಯೇ ಸಂಸ್ಕೃತದಿಂದ ಬಂದದ್ದು, ದೇವಿಯ ಹೆಸರಿಗೂ ಅದಕ್ಕೂ ಸಂಬಂಧವಿಲ್ಲ. ಆದರೂ ಕಿವಿಗೆ ಒಂದೇ. ಸೇಟ್ಟೈ ಮಾಡುವ ಮಗುವಿಗೆ ಸೇಟ್ಟೈ ಬರುತ್ತಾಳೆಂದು ಹೆದರಿಸಿದರೆ, ಒಂದು ಮಾತಿನಲ್ಲಿ ಎರಡು ಕಥೆ ಹೇಳಿದಂತಾಯಿತು.

ಕಾಲ ಕಳೆದಂತೆ ಜ್ಯೇಷ್ಠೆಯ ಗುಡಿಗಳು ಬರಿದಾದವು, ಅವಳ ಪೂಜೆ ನಿಂತಿತು. ಗುಡಿಯಿಂದ ಹೊರಬಿದ್ದ ದೇವಿ ಎಲ್ಲಿಗೆ ಹೋದಳು? ತಾಯಂದಿರ ಬಾಯಿಗೆ ಬಂದಳು. ಕಸವಿರುವ ಮನೆ, ಜಗಳವಿರುವ ಮನೆ, ಹೊತ್ತು ಏರಿದರೂ ಏಳದವರ ಮನೆ ಅವಳ ಠಾವಾಯಿತು. ಬಂಗಾಳದಲ್ಲಿ ದೀಪಾವಳಿಯ ರಾತ್ರಿ ಅಲಕ್ಷ್ಮಿಯನ್ನು ಹೊರಗಟ್ಟಿ ಲಕ್ಷ್ಮಿಯನ್ನು ಕರೆಯುವ ಪದ್ಧತಿಯಿದೆ. ನಮ್ಮ ಕೊಂಗು ನಾಡಿನಲ್ಲಿ ಪೊಂಗಲಿನ ಹಿಂದಿನ ದಿನ, ಭೋಗಿಯಂದು, ಮನೆ ಬಳಿದು, ಹಳತನ್ನು ಹೊರಹಾಕಿ, ಪೂಳೈ ಹೂ, ಬೇವಿನ ಸೊಪ್ಪು, ಆವರಿಕೆ ಹೂಗಳನ್ನು ಸೂರಿಗೆ ಸಿಕ್ಕಿಸಿ "ಕಾಪು" ಕಟ್ಟುತ್ತೇವೆ. ವರ್ಷಕ್ಕೊಮ್ಮೆ ದೊಡ್ಡವರು ಮಾಡುವ ಈ ಕೆಲಸವನ್ನೇ ದಿನಕ್ಕೊಮ್ಮೆ ಮಗುವಿನ ಕೈಯಿಂದ ಮಾಡಿಸುವುದು ಆ ಸಣ್ಣ ಸುಳ್ಳಿನ ಕೆಲಸ.

ದೀಪ ಹಚ್ಚಿದ ಮೇಲೆ ಕಸ ಗುಡಿಸಬಾರದು ಎನ್ನುವುದಕ್ಕೆ ಹಿರಿಯರು ಕಾರಣವನ್ನೂ ಹೇಳುತ್ತಾರೆ. ಹಣತೆಯ ಮಬ್ಬು ಬೆಳಕಿನಲ್ಲಿ ಬಿದ್ದ ಮೂಗುಬೊಟ್ಟು, ಕಾಸು, ಕಾಳು ಕಾಣದೆ ಕಸದೊಂದಿಗೆ ಹೊರಹೋದಾವು. ಆ ಕಾರಣವನ್ನು ಮೂರು ವರ್ಷದ ಮಗುವಿಗೆ ವಿವರಿಸುತ್ತ ಕೂತರೆ ಕತ್ತಲಾಗುತ್ತದೆ. "ಲಕ್ಷ್ಮಿ ಹೊರಗೆ ಹೋಗ್ತಾಳೆ" ಎಂದರೆ ಮುಗಿಯಿತು. ಮಗು ಓಡಿ ಬಂದು ಗೋಲಿ ಆರಿಸುತ್ತದೆ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಕೆಲವು ಮಾತುಗಳು ಆಟ, ಕೆಲವು ಬರೀ ಬೆದರಿಕೆ. ಬೆದರಿಕೆಯ ಕಡೆಯ ದೊಡ್ಡ ಯಜಮಾನ ಗುಮ್ಮ. 16ನೆಯ ಶತಮಾನದ ಪುರಂದರದಾಸರ ಕೀರ್ತನೆಯೊಂದರಲ್ಲಿ ಬಾಲಕೃಷ್ಣನೇ ಗುಮ್ಮನಿಗೆ ಹೆದರಿ, ಇನ್ನು ತಂಟೆ ಮಾಡುವುದಿಲ್ಲವೆಂದು ತಾಯಿಯನ್ನು ಬೇಡಿಕೊಳ್ಳುತ್ತಾನೆ. ಲೋಕವನ್ನೇ ಕಾಯುವ ದೇವರು ಗುಮ್ಮನಿಗೆ ಹೆದರುವುದೇ ಆ ಹಾಡಿನ ಸೊಗಸು. ತಮಿಳು ಬೀದಿಯಲ್ಲಿ ಗುಮ್ಮನ ಕೆಲಸವನ್ನು "ಪೂಚ್ಚಾಂಡಿ" ಮಾಡುತ್ತಾನೆ. ನಮ್ಮ ಮಕ್ಕಳ ಪಾಡು ನೋಡಿ, ಮನೆಯೊಳಗೆ ಗುಮ್ಮ, ಹೊಸ್ತಿಲಾಚೆ ಪೂಚ್ಚಾಂಡಿ!

ಗುಮ್ಮನಿಗೆ ಹೆದರಿದ ಮಗು ಸುಮ್ಮನಾಗುತ್ತದೆ, ಆದರೆ ಎತ್ತಿಡುವುದನ್ನು ಕಲಿಯುವುದಿಲ್ಲ. ಕತ್ತಲ ಕೋಣೆಗೆ ಹೋಗಲು ಅಂಜುವುದನ್ನು ಮಾತ್ರ ಕಲಿಯುತ್ತದೆ. ಲಕ್ಷ್ಮಿ ಬರುತ್ತಾಳೆ ಎಂಬ ಮಾತು ಹಾಗಲ್ಲ. ಅಲ್ಲಿ ಮಗುವೂ ತಾಯಿಯೂ ಒಂದೇ ಪಕ್ಷ. ಇಬ್ಬರೂ ಸೇರಿ ಒಬ್ಬ ನೆಂಟರನ್ನು ಎದುರುಗೊಳ್ಳಲು ಮನೆ ಅಣಿ ಮಾಡುತ್ತಿದ್ದಾರೆ. ಆಜ್ಞೆ ಮಾಡಿದವರು ಯಾರೂ ಇಲ್ಲ, ಸೋತವರೂ ಇಲ್ಲ. ಈ ಗುಟ್ಟು ನಮ್ಮ ಅಜ್ಜಿಯರಿಗೆ ಪುಸ್ತಕ ಓದದೆಯೂ ತಿಳಿದಿತ್ತು.

ಹೊರ ದೇಶಗಳಲ್ಲೂ ಇದು ತಿಳಿದದ್ದೇ. ಜಪಾನಿನಲ್ಲಿ, 100 ವರ್ಷ ತುಂಬಿದ ಮನೆಸಾಮಾನಿಗೆ ಜೀವ ಬರುತ್ತದೆ ಎಂಬ ಹಳೆಯ ಕಥೆಯಿದೆ. ವರ್ಷದ ಕೊನೆಯ ಮನೆಗುಡಿತದಲ್ಲಿ ತಮ್ಮನ್ನು ಬೀದಿಗೆಸೆದರೆಂದು ಮುನಿದ ಹಳೆಯ ಪಾತ್ರೆ ಪಗಡೆಗಳು ಸೇಡು ತೀರಿಸಿಕೊಳ್ಳಲು ಹೊರಟ ಚಿತ್ರಸುರುಳಿಗಳು ಅಲ್ಲಿ ಹೆಸರಾಗಿವೆ. 17ನೆಯ ಶತಮಾನದ ಇಂಗ್ಲೆಂಡಿನ ಹಳ್ಳಿಗಳಲ್ಲಿ, ಒಲೆಯ ಸುತ್ತ ಚೊಕ್ಕಟವಾಗಿ ಗುಡಿಸಿದ ಕೆಲಸದ ಹುಡುಗಿಯ ಜೋಡಿನೊಳಗೆ ಯಕ್ಷಿಣಿಯರು ರಾತ್ರಿ ಬಂದು ಬೆಳ್ಳಿ ಕಾಸು ಇಡುತ್ತಾರೆ, ಸೋಮಾರಿಯನ್ನು ಚಿವುಟಿ ಹೋಗುತ್ತಾರೆ ಎಂದು ನಂಬುತ್ತಿದ್ದರು. ದೇಶ ಬೇರೆ, ದೇವತೆ ಬೇರೆ, ಚೆಲ್ಲಾಡಿದ ಮನೆ ಮಾತ್ರ ಒಂದೇ.

ನಮ್ಮ ಧಾರಾಪುರಕ್ಕೇ ಸೇರಿದ ಒಂದು ಕಥೆಯಿದೆ, ಅದನ್ನು ಬಿಡಬಾರದು. ಈ ಊರೇ ಮಹಾಭಾರತದ ವಿರಾಟಪುರ ಎಂದು ಸ್ಥಳೀಯರ ನಂಬಿಕೆ. ಭಾರತದ ಬೇರೆ ಹಲವು ಊರುಗಳೂ ಹಾಗೆ ಹೇಳಿಕೊಳ್ಳುತ್ತವೆ. ಇತಿಹಾಸಕಾರರ ತಕ್ಕಡಿಗೆ ಅದನ್ನು ಹಾಕುವುದು ಬೇಡ. ಕಥೆಯ ಸಾರ ನೋಡಿ. ಅಜ್ಞಾತವಾಸಕ್ಕೆ ಹೊರಟ ಪಾಂಡವರು ಊರೊಳಗೆ ಕಾಲಿಡುವ ಮೊದಲು ಮಾಡಿದ ಕೆಲಸವೇನು? ತಮ್ಮ ಆಯುಧಗಳನ್ನು ಒಟ್ಟಾಗಿ ಕಟ್ಟಿ ಬನ್ನಿಯ ಮರದ ಮೇಲೆ ಎತ್ತಿಟ್ಟರು. ವರ್ಷ ಕಳೆದ ಮೇಲೆ ಅರ್ಜುನ ಬಂದು ನೋಡಿದಾಗ ಇಟ್ಟದ್ದು ಇಟ್ಟಲ್ಲೇ ಇತ್ತು. ಇಟ್ಟ ಜಾಗ ನೆನಪಿದ್ದುದರಿಂದ ಗೋವುಗಳು ಉಳಿದವು, ವಿರಾಟನ ಮಾನ ಉಳಿಯಿತು. ಮಕ್ಕಳಿಗೆ "ವಸ್ತುವನ್ನು ಅದರ ಜಾಗದಲ್ಲಿಡು" ಎಂದು ಹೇಳಲು ಇದಕ್ಕಿಂತ ಒಳ್ಳೆಯ ಕಥೆ ಬೇಕೆ?

ಅದೇ ನೆನಪಿನಲ್ಲಿ ನವರಾತ್ರಿಯ ಆಯುಧಪೂಜೆ ನಡೆಯುತ್ತದೆ ಎಂದು ದೊಡ್ಡವರು ಹೇಳುತ್ತಾರೆ. ಆ ದಿನ ತಿರುಪ್ಪೂರಿನ ಬನಿಯನ್ ಕಾರ್ಖಾನೆಯಿಂದ ಹಿಡಿದು ಹೊಲದ ನೇಗಿಲಿನ ತನಕ ಎಲ್ಲವನ್ನೂ ತೊಳೆದು ಒರೆಸಿ ಕುಂಕುಮವಿಡುತ್ತಾರೆ. ಮಕ್ಕಳ ಪುಸ್ತಕಗಳನ್ನು ಜೋಡಿಸಿ ಸರಸ್ವತಿಯ ಮುಂದಿಡುತ್ತಾರೆ. ಓದಬೇಡ ಎಂದು ದೊಡ್ಡವರೇ ಹೇಳುವ ಆ ಒಂದು ದಿನಕ್ಕಾಗಿ, ಯಾವ ಮಗುವೂ ತನ್ನ ಪುಸ್ತಕಗಳನ್ನು ಓಡಿ ಓಡಿ ಜೋಡಿಸುತ್ತದೆ!

ಬೊಂಬೆ ಕೂರಿಸುವ ಮನೆಗಳಲ್ಲಿ ಇನ್ನೊಂದು ಚೆಂದದ ಪದ್ಧತಿಯಿದೆ. ಒಂಬತ್ತು ದಿನ ಮೆಟ್ಟಿಲ ಮೇಲೆ ಸಾಲಾಗಿ ನಿಂತ ಬೊಂಬೆಗಳಲ್ಲಿ ಒಂದನ್ನು ವಿಜಯದಶಮಿಯ ರಾತ್ರಿ ಮೆಲ್ಲಗೆ ಮಲಗಿಸುತ್ತಾರೆ. ಬೊಂಬೆಗಳಿಗೆ ನಿದ್ದೆ ಬಂತು, ಇನ್ನು ಪೆಟ್ಟಿಗೆಯೊಳಗೆ ಹೋಗಬೇಕು ಎಂಬ ಸೂಚನೆ ಅದು. ಮೈಸೂರಿನ ಮನೆಗಳಲ್ಲೂ ತಮಿಳರ ಕೊಲು ಇಡುವ ಮನೆಗಳಲ್ಲೂ ಈ ರೂಢಿ ಒಂದೇ. ಇದನ್ನು ದಿನದ ಆಟಕ್ಕೆ ಹೊಂದಿಸಿಕೊಳ್ಳುವುದು ಎಷ್ಟು ಸುಲಭ ನೋಡಿ. "ಆಟ ಸಾಕು, ಎತ್ತಿಡು" ಎಂದರೆ ಅಳು. "ನಿನ್ನ ಬೊಂಬೆಗೆ ನಿದ್ದೆ ಬಂದಿದೆ, ಮಲಗಿಸು" ಎಂದರೆ ಮಗು ತಾನೇ ತಾಯಾಗುತ್ತದೆ. ಅಂದ ಹಾಗೆ, ವಿರಾಟಪರ್ವದ ಆ ಯುದ್ಧಕ್ಕೆ ಹೊರಟ ಬೃಹನ್ನಳೆಯನ್ನು ರಾಜಕುಮಾರಿ ಉತ್ತರೆ ಕೇಳುವುದು ಏನು ಗೊತ್ತೆ? ತನ್ನ ಬೊಂಬೆಗಳಿಗೆ ಉಡಿಸಲು ಕೌರವರ ಬಣ್ಣಬಣ್ಣದ ಬಟ್ಟೆ. ವಿರಾಟಪುರ ಎಂದು ಹೇಳಿಕೊಳ್ಳುವ ಊರಿನಲ್ಲಿ ಬೊಂಬೆಯ ಮಾತು ಬಂದರೆ ಅದು ಸಲ್ಲುವ ಮಾತೇ.

ಬಟ್ಟೆಯ ಮಾತು ಬಂದಮೇಲೆ ಮಗ್ಗದ ಮನೆಯನ್ನು ನೆನೆಯಲೇಬೇಕು. ನೇಕಾರರ ಮನೆಯಲ್ಲಿ ಮಗ್ಗ ಬೇರೆ, ಮನೆ ಬೇರೆ ಅಲ್ಲ. ಗುಂಡಿ ಮಗ್ಗ ಪಡಸಾಲೆಯಲ್ಲೇ ಇರುತ್ತಿತ್ತು. ಮಗು ಒಂದು ಲಾಳಿಯನ್ನು ಎಲ್ಲೋ ಎಸೆದರೆ, ನೂಲಿನ ಕಂಡಿಕೆಯನ್ನು ಉರುಳಿಸಿ ಸಿಕ್ಕು ಮಾಡಿದರೆ, ಅಂದಿನ ಕೂಲಿಗೇ ಸಂಚಕಾರ. ಅಂಥ ಮನೆಯಲ್ಲಿ ಎತ್ತಿಡುವುದು ಅಲಂಕಾರವಲ್ಲ, ಅನ್ನ. ದೇವಾಂಗರ ಕುಲಕಥೆ ಇದಕ್ಕೆ ಒದಗಿಬಂದಿದೆ. ದೇವತೆಗಳಿಗೂ ಮನುಷ್ಯರಿಗೂ ಉಡಲು ಬಟ್ಟೆಯಿಲ್ಲದ ಕಾಲದಲ್ಲಿ ಶಿವನಿಂದ ಹುಟ್ಟಿದ ದೇವಲ ಮಹರ್ಷಿ, ವಿಷ್ಣುವಿನ ಹೊಕ್ಕುಳ ಕಮಲದ ದಂಟಿನಿಂದ ನೂಲು ತಂದ. ದಾರಿಯಲ್ಲಿ ಅಸುರರು ಅಡ್ಡಬಿದ್ದಾಗ ದೇವಿ ಚೌಡೇಶ್ವರಿ ಬಂದು ನೂಲನ್ನೂ ನೇಕಾರನನ್ನೂ ಕಾಪಾಡಿದಳು. ಈ ಕಥೆಯ ಒಂದು ರೂಪವನ್ನು ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ತನ್ನ ಏಳು ಸಂಪುಟಗಳ ಗ್ರಂಥದಲ್ಲಿಯೂ ಕಾಣಬಹುದು. ವಿಷ್ಣುವಿನ ಹೊಕ್ಕುಳಿಂದ ಬಂದ ನೂಲನ್ನು ತುಳಿಯಬಾರದು ಎಂದು ಕಲಿತ ಮಗುವಿಗೆ ನೆಲದ ಮೇಲಿನ ಎಳೆ ಕಸವಾಗಿ ಕಾಣುವುದಿಲ್ಲ.

ಮಕ್ಕಳೇ ತಮಗಾಗಿ ಕಟ್ಟಿಕೊಂಡ ಪುರಾಣವೂ ಒಂದುಂಟು. ನವಿಲುಗರಿ ಮರಿ ಹಾಕುವ ಕಥೆ. ಧಾರಾಪುರದಿಂದ ದಕ್ಷಿಣಕ್ಕೆ ಪಳನಿ. ತೈಪೂಸದ ಕಾಲಕ್ಕೆ ಕಾವಡಿ ಹೊತ್ತು ನಡೆದು ಹೋಗುವವರ ದಾರಿ ಇದು. ಕಾವಡಿಗೆ ಕಟ್ಟಿದ ನವಿಲುಗರಿ ಮಕ್ಕಳ ಕಣ್ಣಿಗೆ ಬೀಳದೆ ಇರುತ್ತದೆಯೆ? ಒಂದು ಎಳೆ ಸಿಕ್ಕರೆ ಸಾಕು, ಅದು ಪುಸ್ತಕದ ನಡುವೆ ಸೇರುತ್ತದೆ. ಪೆನ್ಸಿಲ್ ಹೆರೆದ ಹೊಟ್ಟೋ, ಒಂದೆರಡು ಅಕ್ಕಿಕಾಳೋ ಅದಕ್ಕೆ ಊಟ. ಪುಸ್ತಕವನ್ನು ಮತ್ತೆ ಮತ್ತೆ ತೆರೆಯಬಾರದು, ಎಸೆಯಬಾರದು, ಬೆಳಕು ತಾಗಿಸಬಾರದು. ಹಾಗೆ ಜೋಪಾನ ಮಾಡಿದರೆ ಗರಿ ಮರಿ ಹಾಕುತ್ತದೆ. ಕನ್ನಡ ಶಾಲೆಯ ಮಕ್ಕಳೂ ತಮಿಳು ಶಾಲೆಯ ಮಕ್ಕಳೂ ಇದನ್ನು ಒಂದೇ ನಂಬಿಕೆಯಿಂದ ಹೇಳುತ್ತಾರೆ. ಮರಿ ಹುಟ್ಟಿದ್ದನ್ನು ಯಾರೂ ಕಂಡಿಲ್ಲ. ಆದರೆ ಅಂಚು ಮಡಿಯದೆ ವರ್ಷದ ಕೊನೆಯ ತನಕ ಉಳಿದ ಪುಸ್ತಕಗಳು ಎಷ್ಟೋ!

ಇಷ್ಟು ಹೊಗಳಿದ ಮೇಲೆ ಇದರ ಕೊರತೆಯನ್ನೂ ಹೇಳದಿದ್ದರೆ ಅನ್ಯಾಯವಾದೀತು. ಲಕ್ಷ್ಮಿಯ ಕಥೆ, ಮೂದೇವಿಯ ಬೈಗುಳ, ಎರಡನ್ನೂ ಹೆಚ್ಚಾಗಿ ಯಾರಿಗೆ ಹೇಳಿದೆವು? ಹೆಣ್ಣುಮಕ್ಕಳಿಗೆ. ಅಣ್ಣ ಎಸೆದ ಚೆಂಡನ್ನು ತಂಗಿ ಎತ್ತಿಟ್ಟಳು. "ಹೋಗುವ ಮನೆಯಲ್ಲಿ ಏನಂದಾರು" ಎಂಬ ಮಾತು ಅವಳ ಬೆನ್ನಿಗೇ ಬಿತ್ತು. ಗಂಡುಮಕ್ಕಳ ಚಾಪೆಯ ಮೇಲೆ ಮೂದೇವಿ ಮಲಗುವುದಿಲ್ಲವೆ? ಬನ್ನಿಮರಕ್ಕೆ ಆಯುಧ ಎತ್ತಿಟ್ಟವರು ಐವರು ಗಂಡಸರೇ ಎಂಬುದನ್ನು ನಮ್ಮ ಹುಡುಗರಿಗೆ ನೆನಪಿಸಬೇಕು. ಇನ್ನು, ಮೂದೇವಿ ಎಂಬ ಹೆಸರನ್ನು ಮಗುವಿಗೇ ಅಂಟಿಸುವುದು ಸಲ್ಲದು. ಚಾಪೆಯ ಮೇಲೆ ಮಲಗಲು ಬರುವವಳು ಮೂದೇವಿ ಎಂದರೆ ಅದು ಕಥೆ. ನೀನೇ ಮೂದೇವಿ ಎಂದರೆ ಅದು ಗಾಯ.

ಪೊರಕೆಯ ವಿಷಯದಲ್ಲಿಯೂ ಹಾಗೆಯೇ. ಪೊರಕೆ ಹಿಡಿದವರನ್ನು ಕೀಳಾಗಿ ಕಾಣುವ ಪಾಪ ನಮ್ಮ ಸಮಾಜದಲ್ಲಿ ಬಹುಕಾಲ ನಡೆದಿದೆ. ಅದಕ್ಕೆ ಮದ್ದು ನಮ್ಮ ಕನ್ನಡದಲ್ಲೇ ಇದೆ. 12ನೆಯ ಶತಮಾನದ ಶರಣೆ ಸತ್ಯಕ್ಕನ ಕಾಯಕ ಅಂಗಳ ಗುಡಿಸುವುದು. ಆಕೆ ಹಾಡಿ ಹೇಳಿದ ವಚನಗಳು ಇಂದಿಗೂ ಉಳಿದಿವೆ. ದಾರಿಯಲ್ಲಿ ಹೊನ್ನು, ವಸ್ತ್ರ ಬಿದ್ದಿದ್ದರೂ ಕೈಯಿಂದ ಮುಟ್ಟಿ ಎತ್ತಿಕೊಳ್ಳುವುದಿಲ್ಲ ಎಂಬುದು ಆಕೆಯ ಪಣ. ಎತ್ತಿಡಬೇಕಾದ್ದು ಯಾವುದು, ಎತ್ತಿಕೊಳ್ಳಬಾರದ್ದು ಯಾವುದು ಎಂಬ ಎರಡು ಪಾಠವನ್ನೂ ಒಬ್ಬ ಕಸ ಗುಡಿಸುವ ಹೆಣ್ಣುಮಗಳು ಕನ್ನಡದಲ್ಲಿ ಕಲಿಸಿದ್ದಾಳೆ. ಅದೇ ಕಾಲದ ಬಸವಣ್ಣನವರೂ ಹೊಸ್ತಿಲಲ್ಲಿ ಹುಲ್ಲು, ಒಳಗೆ ಧೂಳು ತುಂಬಿದ ಮನೆಯನ್ನು ಕಂಡು, ಒಡೆಯ ಒಳಗಿದ್ದಾನೆಯೇ ಎಂದು ಕೇಳಿದರು. ಅವರು ಕೇಳಿದ್ದು ಮನಸ್ಸಿನ ಮನೆಯನ್ನು ಕುರಿತು; ಉಪಮಾನಕ್ಕೆ ಒದಗಿದ್ದು ನಾವು ದಿನವೂ ಗುಡಿಸುವ ಮನೆ.

ಈಗ ಮೊದಲಲ್ಲಿ ಹೇಳಿದ ಮಾತಿಗೆ ಬರುತ್ತೇನೆ. ಎರಡು ನುಡಿಯ ಮನೆಗಳಿಗೆ ಈ ಸಣ್ಣ ಕಥೆಗಳು ಏಕೆ ಹೆಚ್ಚು ಬೇಕು?

ತಾಳವಾಡಿ, ಹೊಸೂರು ಕಡೆಯ ಗಡಿ ಹಳ್ಳಿಗಳಲ್ಲಿ ಕನ್ನಡ ಶಾಲೆಗಳನ್ನು ಕಾಣಬಹುದು. ನಮ್ಮಂತೆ ಒಳನಾಡಿನಲ್ಲಿ ಚೆದುರಿದ ಮನೆಗಳ ಪಾಡು ಬೇರೆ. 2006ರ ಕಾನೂನಿನಿಂದ ತಮಿಳು ಕಲಿಕೆ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಹಂತಹಂತವಾಗಿ ಕಡ್ಡಾಯವಾಯಿತು. ತಮಿಳು ಕಲಿಯುವುದು ಒಳ್ಳೆಯದೇ; ಅದು ನಮ್ಮ ನೆರೆಯವರ ನುಡಿ, ನಮಗೆ ಅನ್ನ ಕೊಟ್ಟ ನುಡಿ, ನಮ್ಮದೂ ಆದ ನುಡಿ. ಆದರೆ ಕನ್ನಡಕ್ಕೆ ಪಾಠಪುಸ್ತಕವಿಲ್ಲದ ಮನೆಯಲ್ಲಿ ಅದರ ಪಾಠ ನಡೆಯುವುದು ಎಲ್ಲಿ? ಎತ್ತಿಡು, ಮಡಿಚು, ಸುತ್ತು, ಒರೆಸು, ಜೋಡಿಸು, ಗುಡಿಸು, ಸಾರಿಸು, ಆರಿಸು, ಮುಚ್ಚು, ಮಲಗಿಸು. ಲೆಕ್ಕ ಹಾಕಿ ನೋಡಿ. ಒಂದು ಸಂಜೆಯ ಹತ್ತು ನಿಮಿಷದಲ್ಲಿ ಹತ್ತು ಕ್ರಿಯಾಪದಗಳು. ಒಂದೊಂದಕ್ಕೂ ಕೈಯ ಕೆಲಸವೊಂದು ಗಂಟುಬಿದ್ದಿದೆ, ಹಿಂದೆ ಒಂದು ಕಥೆಯಿದೆ. ಹೀಗೆ ಕಲಿತ ಮಾತು ಮರೆಯುವುದಿಲ್ಲ. ಅವ್ವ ಗದರುವುದನ್ನು ಬಿಟ್ಟು ದುಡಿಮೆಯ ದಣಿವಿನಲ್ಲಿ ತಾನೇ ಎಲ್ಲವನ್ನೂ ಎತ್ತಿಟ್ಟುಬಿಟ್ಟರೆ, ಮನೆ ಚೊಕ್ಕಟವಾಗುತ್ತದೆ, ಆದರೆ ಹತ್ತು ಮಾತು ಕಡಿಮೆಯಾಗುತ್ತವೆ. ಮಗುವಿನ ಕೈಗೆ ಮೊಬೈಲ್ ಕೊಟ್ಟು ಸುಮ್ಮನಿರಿಸಿದರೆ ಚೆಲ್ಲಾಡುವುದೂ ಇಲ್ಲ, ಎತ್ತಿಡುವುದೂ ಇಲ್ಲ, ಮಾತೂ ಇಲ್ಲ.

ಎ. ಕೆ. ರಾಮಾನುಜನ್ ಅವರ ಹೆಸರು ನೀವು ಕೇಳಿರಬಹುದು. 1929ರಲ್ಲಿ ಮೈಸೂರಿನಲ್ಲಿ ಹುಟ್ಟಿ 1993ರಲ್ಲಿ ಶಿಕಾಗೋದಲ್ಲಿ ತೀರಿಕೊಂಡ ಕವಿ, ವಿದ್ವಾಂಸ. ನಮ್ಮ ಮನೆಗಳನ್ನು ತಿರುಗಿಸಿಟ್ಟಂತೆ ಇತ್ತು ಅವರ ಮನೆ; ತಾಯಿಯೊಡನೆ ತಮಿಳು, ಬೀದಿಯಲ್ಲಿ ಕನ್ನಡ. ಅವರು ಸಂಗ್ರಹಿಸಿದ ಕನ್ನಡ ಜನಪದ ಕಥೆಗಳಲ್ಲಿ ಒಂದು ಹೀಗಿದೆ. ಒಬ್ಬಳಿಗೆ ಒಂದು ಕಥೆ, ಒಂದು ಹಾಡು ಬರುತ್ತಿತ್ತು. ಅವಳು ಯಾರಿಗೂ ಹೇಳಲಿಲ್ಲ. ಒಳಗೆ ಉಸಿರುಕಟ್ಟಿದ ಕಥೆ ಹೊರಬಿದ್ದು ಒಂದು ಜೋಡು ಮೆಟ್ಟಾಗಿ ಬಾಗಿಲಲ್ಲಿ ಕೂತಿತು. ಹಾಡು ಗಂಡಸಿನ ಅಂಗಿಯಾಗಿ ಗೂಟಕ್ಕೆ ನೇತುಬಿತ್ತು. ಗಂಡ ಬಂದು ನೋಡಿ, ಇವು ಯಾರವು ಎಂದು ಕೇಳಿದ. ಅವಳಿಗೂ ತಿಳಿಯದು. ಸಂಶಯ ಹುಟ್ಟಿ ಜಗಳವಾಯಿತು, ಅವನು ಹನುಮಂತನ ಗುಡಿಗೆ ಹೋಗಿ ಮಲಗಿದ. ಅಲ್ಲಿ ಊರಿನ ಮನೆಗಳಲ್ಲಿ ಆರಿಸಿದ ದೀಪಗಳೆಲ್ಲ ಕೂಡಿ ಮಾತಾಡುವಾಗ, ತನ್ನ ಮನೆಯ ದೀಪ ನಿಜವನ್ನು ಹೇಳುವುದನ್ನು ಕೇಳಿದ. ಗಿರೀಶ ಕಾರ್ನಾಡರ 1988ರ 'ನಾಗಮಂಡಲ' ನಾಟಕದಲ್ಲಿ ದೀಪಗಳು ಮಾತಾಡುವುದೂ ಈ ಕಥೆಯ ಬಲದಿಂದಲೇ. ಮನೆಗೆ ಮರಳಿ ಕಥೆಯನ್ನೂ ಹಾಡನ್ನೂ ಹೇಳು ಎಂದು ಹೆಂಡತಿಯನ್ನು ಕೇಳಿದರೆ, ಅವಳಿಗೆ ಎರಡೂ ಮರೆತುಹೋಗಿದ್ದವು.

ಬಾಗಿಲಲ್ಲಿ ಚಪ್ಪಲಿ ಮಗುಚಿ ಬಿದ್ದರೆ ಜಗಳ ಎಂದು ನಾವು ಮಕ್ಕಳಿಗೆ ಹೇಳುತ್ತೇವಲ್ಲ, ಹೇಳದ ಕಥೆಯೇ ಮೆಟ್ಟಾಗಿ ಬಂದು ಜಗಳ ತರುತ್ತದೆ ಎಂದು ಆ ಜನಪದ ಕಥೆ ನಮಗೆ ಹೇಳುತ್ತಿದೆ. ಆದ್ದರಿಂದ ಹೇಳಿ. ಅಕ್ಷರ ಬಾರದಿದ್ದರೆ ಚಿಂತೆಯಿಲ್ಲ, ಬಾಯಲ್ಲಿ ಹೇಳಿ. ತಮಿಳು ಕಲಬೆರಕೆಯಾದರೆ ನಾಚಿಕೆಯಿಲ್ಲ, ಅದೇ ನಮ್ಮ ಕನ್ನಡ. ಗುಮ್ಮನಿಗೆ ರಜೆ ಕೊಡಿ. ಲಕ್ಷ್ಮಿಯನ್ನು, ಬೊಂಬೆಯ ನಿದ್ದೆಯನ್ನು, ನವಿಲುಗರಿಯನ್ನು, ಬನ್ನಿಮರವನ್ನು ಕರೆಯಿರಿ. ಹುಡುಗರಿಗೂ ಹೇಳಿ, ಹುಡುಗಿಯರಿಗೂ ಹೇಳಿ. ಇದು ನಿಜವೇ ಎಂದು ಮಗು ಕೇಳುವ ವಯಸ್ಸು ಬಂದಾಗ ನಕ್ಕುಬಿಡಿ. ಕಥೆ ಎಂದು ಒಪ್ಪಿಕೊಳ್ಳಿ. ಅಷ್ಟು ಹೊತ್ತಿಗೆ ಎತ್ತಿಡುವುದು ಅದರ ಕೈಗೆ ಬಂದಿರುತ್ತದೆ, ಮಾತು ಅದರ ನಾಲಿಗೆಗೆ ಬಂದಿರುತ್ತದೆ. ಮುಂದೊಂದು ದಿನ ಅದು ತನ್ನ ಮಗುವಿಗೆ ಅದೇ ಸುಳ್ಳನ್ನು ಯಾವ ನುಡಿಯಲ್ಲಿ ಹೇಳುತ್ತದೆ ಎಂಬುದು ಇಂದು ಸಂಜೆ ನಮ್ಮ ಬಾಯಲ್ಲಿದೆ.

ನಿಮ್ಮ ಮನೆಯ ಹಿರಿಯರು ಏನು ಹೇಳಿ ಎತ್ತಿಡಿಸುತ್ತಿದ್ದರು? ನೆನಪು ಮಾಡಿಕೊಂಡು ಮನೆಯವರೊಡನೆ ಹಂಚಿಕೊಳ್ಳಿ.